ಬಲಗಡೆಯ ಇಂಡಿಕೇಟರ್

ನಾದಿನಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ನಾವಿಬ್ಬರೂ ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಹೊರಟಿದ್ದೆವು. ನಮ್ಮದು ಹಳೆಯ ಕಾರು. ನನಗೂ ಕೈ ಪಳಗಲಿ ಎಂದು ನಮ್ಮ ಯಜಮಾನರು ಕೆಲವು ತಿಂಗಳಿಂದ ಸ್ಟೇರಿಂಗ್ ನನಗೇ ಬಿಟ್ಟಿದ್ದರು. ಬಿಟ್ಟರೇನು, ಪಕ್ಕದಲ್ಲಿ ಕೂತು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಮುಂದೆ ಏನು ಬರುತ್ತಿದೆ, ಕುರಿಗಳೋ ಜನರೋ, ಹಿಂದೆ ಯಾರಿದ್ದಾರೆ ಎಂದು ಕೇಳುತ್ತಲೇ ಇರುತ್ತಿದ್ದರು. ಅವರ ಚಡಪಡಿಕೆ ನನಗೂ ಅಂಟಿಕೊಂಡಿತ್ತು.

ಹೊಳಲ್ಕೆರೆ ಇನ್ನೂ ದೂರವಿರುವಾಗ, ಎಳನೀರು ಕುಡಿಯೋಣವೆಂದು ಬಲಕ್ಕೆ ತಿರುಗಿಸಿದೆ. ಹಿಂದಿನಿಂದ ಬಂದ ಲಾರಿಯೊಂದು ಹಾರ್ನ್ ಬಡಿಯುತ್ತಾ ನಮ್ಮನ್ನು ಸವರಿಕೊಂಡೇ ಹೋಯಿತು. ಸಿಗ್ನಲ್ ಹಾಕೋಕೆ ಬರಲ್ವಾ ಎಂದು ಡ್ರೈವರ್ ಬೈದದ್ದು ಕಿವಿಗೆ ಬಿತ್ತು. ನಾನು ಹಾಕಿಯೇ ಇದ್ದೆ. ಟಿಕ್‌ಟಿಕ್ ಸದ್ದೂ ಬರುತ್ತಿತ್ತು, ಆದರೆ ಎಂದಿಗಿಂತ ಬಲು ಅವಸರವಾಗಿ. ಹಾಗೆ ಬಡಿದುಕೊಂಡರೆ ಎಲ್ಲೋ ಒಂದು ಬಲ್ಬು ಉರಿಯುತ್ತಿಲ್ಲ ಎಂದೇ ಅರ್ಥವೆಂದು ಯಜಮಾನರು ಹೇಳಿದರು.

ಹಿಂದಿನ ಬಲಗಡೆಯ ದೀಪ ಸತ್ತಿತ್ತು. ಹುಣಸೆಮರದ ನೆರಳಿನಲ್ಲಿ ಡಿಕ್ಕಿ ತೆಗೆದು, ಬಲ್ಬೇ ಸುಟ್ಟಿದೆಯೋ ಎಂದು ನೋಡಲು ಎಡಗಡೆಯ ಬಲ್ಬನ್ನು ಬಿಚ್ಚಿ ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿದೆ. ಅವರನ್ನು ಹಿಂದೆ ನಿಲ್ಲಿಸಿ, ಒಳಗೆ ಹೋಗಿ ಇಂಡಿಕೇಟರ್ ಹಾಕಿದೆ.

"ಬರ್ತೈತಾ?"

"ಬರ್ತೈತೆ, ಹೋಗಾಣ ನಡಿ."

ಆದರೆ ಒಳಗೆ ಟಿಕ್‌ಟಿಕ್ ಮಾತ್ರ ಇನ್ನೂ ಅದೇ ಅವಸರದಲ್ಲಿತ್ತು. ಮತ್ತೆ ಕೇಳಿದೆ. ಚೆನ್ನಾಗಿ ಉರೀತೈತೆ ಎಂದರು. ಮನಸ್ಸು ತಡೆಯದೆ ಇಳಿದು ಬಂದೆ. ದೀಪ ಉರಿಯುತ್ತಿರಲಿಲ್ಲ. ಅವರು ಅದನ್ನೇ ದಿಟ್ಟಿಸಿಕೊಂಡು ನಿಂತಿದ್ದರು.

"ರೀ, ನಿಮಗೆ ಕಾಣ್ಲಿಲ್ವಾ?"

ಬಿಸಿಲು ಎಂದರು. ನಾವು ನಿಂತಿದ್ದದ್ದು ನೆರಳಿನಲ್ಲಿ. ಕರವಸ್ತ್ರ ತೆಗೆದು, ಕೊಳೆಯಾಗದ ಕೈಗಳನ್ನು ಬಹಳ ಹೊತ್ತು ಒರೆಸಿಕೊಂಡರು.

"ಬ್ಯಾಸಿಗೆಯಿಂದ ಎಲ್ಲಾ ಹೊಗೆ ಕವಿದಂಗೆ ಕಾಣ್ತೈತೆ. ಹೇಳಿದ್ರೆ ಕಾರು ಮಾರಾಣ ಅಂತೀಯ ಅಂತ ಸುಮ್ನಿದ್ದೆ."

ಸಿಟ್ಟು ಬಂತು. ಆಮೇಲೆ ಅವರ ಕೈ ಹಿಡಿದು ದೀಪದ ಹಿಂಬದಿಗೆ ತಂದು ಇಟ್ಟೆ. ಅವರು ತಂತಿಯನ್ನು ಬೆರಳಲ್ಲೇ ಸವರುತ್ತಾ ಹೋಗಿ, ಅದನ್ನು ಕಾರಿನ ತಗಡಿಗೆ ಬಿಗಿದಿದ್ದ ಸ್ಕ್ರೂ ಮುಟ್ಟಿ ತುಕ್ಕು ಹಿಡಿದಿದೆ ಎಂದರು. ಹಣ್ಣು ಹೆಚ್ಚುವ ಚಾಕುವಿನಿಂದ ಕೆರೆದು, ಸ್ಕ್ರೂ ಬಿಗಿ ಮಾಡಿದೆ. ಟಿಕ್‌ಟಿಕ್ ನಿಧಾನವಾಯಿತು. ದೀಪ ಉರಿಯಿತು.

ಶಾಸ್ತ್ರಕ್ಕೆ ತಡವಾಗಿ ತಲುಪಿದೆವು. ಊಟದ ಎಲೆಯ ಮುಂದೆ ಕೂತಾಗಲೂ ನನ್ನ ಕಣ್ಣು ಅವರ ಕೈ ಮೇಲೇ ಇತ್ತು, ಪಲ್ಯ ಎಲ್ಲಿದೆ ಎಂದು ತಡಕುತ್ತಾರೇನೋ ಎಂದು. ಅದೇ ವಾರ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ. ಒಂದರ ಆಪರೇಷನ್ ಮುಗಿದಿದೆ, ಇನ್ನೊಂದು ಬಾಕಿ ಇದೆ. ಕಾರು ಮಾರಿಲ್ಲ.