ಅಂಬುಜಮ್ಮ ಸುಮ್ಮನೆ ನಿಂತದ್ದು

ಸುಮೇಧಾ ಕೂತಲ್ಲಿ ಕೂರುವ ಹೆಂಗಸಲ್ಲ. ಮದುವೆಯಾಗಿ ಹುಬ್ಬಳ್ಳಿಯಿಂದ ಟಿ. ನಗರಕ್ಕೆ ಬಂದವಳು ಬಸ್ಸಿನ ಬೋರ್ಡು ಓದಿ ಓದಿಯೇ ತಮಿಳು ಕಲಿತಳು. ಪಲ್ಲಾವರಂನ ಅಂಬುಜಮ್ಮನವರ ಬಳಿ ಹತ್ತು ವರ್ಷ ಭರತನಾಟ್ಯ ಕಲಿತು, ತಮಿಳು ಮಾಸಿಕವೊಂದಕ್ಕೆ ನೃತ್ಯವಿಮರ್ಶೆಯನ್ನೂ ಬರೆಯತೊಡಗಿದಳು. ಧೈರ್ಯಕ್ಕೇನೂ ಕಡಿಮೆಯಿರಲಿಲ್ಲ.

ತೊಂಬತ್ತೆಂಟರ ಡಿಸೆಂಬರಿನಲ್ಲಿ ಅರವತ್ತೆರಡರ ಅಂಬುಜಮ್ಮ ಕೊನೆಯ ಸಲ ವೇದಿಕೆ ಹತ್ತಿದರು. ಅಭಿನಯಕ್ಕೆಂದು ಹಾಡಿಸಿದ ಪದವೊಂದರ ಕಡೆಯ ಸಾಲಿಗೆ ಕೈ ಎತ್ತಲಿಲ್ಲ, ಹೆಜ್ಜೆ ಇಡಲಿಲ್ಲ, ಹಾಗೇ ನಿಂತುಬಿಟ್ಟರು. ಸುಮೇಧಾಳ ಕಣ್ಣು ತುಂಬಿತು. ಮನೆಗೆ ಬಂದು ಅದನ್ನೇ ತಮಿಳಿನಲ್ಲಿ ಬರೆದಳು: ಕಡೆಯ ಸಾಲಿಗೆ ‘ಸುಮ್ಮಾ’ ನಿಂತರು. ನಮ್ಮ ‘ಸುಮ್ಮನೆ’ಯ ಹಾಗೆ ನಿಶ್ಚಲವಾಗಿ, ಮೌನವಾಗಿ ಎಂದು ಅವಳ ಕನ್ನಡದ ಮನಸ್ಸು ಹೇಳಿತ್ತು. ಅಚ್ಚಾದ ಮೇಲೆ ಊರೆಲ್ಲ ಅದನ್ನು ತಮಿಳಿನ ಅರ್ಥದಲ್ಲೇ ಓದಿತು, ಏನೂ ಮಾಡದೆ ಬರಿದೇ ನಿಂತರು ಅಂತ. ಗುರುವನ್ನೇ ಹೀಗೆ ಬೈಯಬಹುದೇ ಎಂದು ಪಕ್ಕದ ಮನೆಯಾಕೆ ಕೇಳಿದಾಗಲೇ ಅವಳಿಗೆ ಗೊತ್ತಾದದ್ದು.

ನಾಲ್ಕು ದಿನ ಫೋನ್ ಎತ್ತಿದಳು, ಇಟ್ಟಳು. ಬ್ಲೌಸ್ ಪೀಸ್ ತರಲು ಹೋಗಿ ಬರಿಗೈಯಲ್ಲಿ ಬಂದಳು. ಟೀಚರ್ ಬಾಗಿಲು ಹಾಕಿಬಿಟ್ಟರೆ ಈ ಊರಿನಲ್ಲಿ ಅವಳಿಗೆ ತವರೇ ಇರಲಿಲ್ಲ.

“ಹೋಗಿ ಕಾಲು ಹಿಡಿಬಾರದೇನ? ನನ್ನ ತಲಿ ಯಾಕ ತಿಂತಿ?” ಎಂದ ಗಂಡ ಸುಶಮೀಂದ್ರ.

ಐದನೇ ದಿನ ಬಸ್ಸು ಹತ್ತಿದಳು. ದಾರಿಯಲ್ಲಿ ಎರಡು ಸಲ ಇಳಿಯಲೆಂದು ಎದ್ದು ಮತ್ತೆ ಕೂತಳು.

ಅಂಬುಜಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಪಕ್ಕದಲ್ಲೇ ಪತ್ರಿಕೆ.

“ಟೀಚರ್, ಆ ಮಾತು ನಾ...”

“ಇರು ಮಾ. ಎಲ್ರೂ ಆಹಾ ಓಹೋ ಅಂದ್ರು. ಕಡೇ ಲೈನಿಗೆ ನನ್ನ ಮಂಡಿ ಹಿಡ್ಕೊಂಡ್ಬಿಡ್ತು. ಏನೂ ಮಾಡಕ್ಕಾಗ್ದೆ ಸುಮ್ಮಾ ನಿಂತಿದ್ದೆ. ಅದು ಕಂಡಿದ್ದು ನಿನ್ನೊಬ್ಬಳಿಗೇ. ನಾನು ಕಲಿಸಿದ್ದು ವೇಸ್ಟ್ ಆಗ್ಲಿಲ್ಲ. ನಾಳೆಯಿಂದ ನನ್ನ ಕ್ಲಾಸ್ ನೀನೇ ನೋಡ್ಕೋ.”

ನಿಜ ಸುಮೇಧಾಳ ನಾಲಿಗೆಯ ತುದಿಗೆ ಬಂತು. ಹೇಳಿದರೆ, ಹತ್ತು ವರ್ಷ ಕಲಿತೂ ನೋವನ್ನು ಅಭಿನಯ ಅಂದುಕೊಂಡವಳು ಎಂದಾಗುತ್ತಿತ್ತು. ತಲೆಯಾಡಿಸಿದಳು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಟೀಚರ್ ಅದನ್ನು ವಿನಯ ಅಂದುಕೊಂಡರು.

ಹನ್ನೊಂದು ವರ್ಷ ಆ ಕ್ಲಾಸು ನಡೆಸಿದಳು, ವಿಮರ್ಶೆಯನ್ನೂ ಬಿಡಲಿಲ್ಲ. ಯಾರ ಅಭಿನಯಕ್ಕೆ ಕಣ್ಣು ತುಂಬಿ ಬಂದರೂ, ಒರೆಸಿಕೊಂಡು ಮೊದಲು ಅವರ ಮಂಡಿ ನೋಡುತ್ತಿದ್ದಳು.