ಅಪ್ಪನ ರಕ್ತದ ಪೊಟ್ಯಾಸಿಯಂ

ಮಗಳು ಅನುಮಾನದಕ್ಕನನ್ನು ಮೊದಲು ಕಂಡದ್ದು ವಾರ್ಡಿನಲ್ಲಿ, ಅಪ್ಪನ ಮಂಚದ ಪಕ್ಕ. ಲ್ಯಾಬಿನ ಆ ಹೆಂಗಸು ಸೂಜಿ ಚುಚ್ಚುವ ಮೊದಲು ತೋಳಿನ ರಬ್ಬರ್ ಪಟ್ಟಿಯನ್ನು ತುಸು ಸಡಿಲಿಸಿ, "ಮುಷ್ಟಿ ಬಿಗೀಬೇಡಿ ಯಜಮಾನ್ರೇ, ಇಲ್ಲೇನು ಕುಸ್ತಿ ಇಲ್ಲ" ಎಂದಿದ್ದರು. ಅವರ ಅಂಗೈ ಹಿಂಬದಿಯಲ್ಲಿ ಪೆನ್ನಿನಿಂದ ಬರೆದುಕೊಂಡ ಮಂಚದ ನಂಬರುಗಳಿದ್ದವು. ಸಂಶಯ ಬಂದರೆ ಅದೇ ಪರೀಕ್ಷೆಯನ್ನು ಮತ್ತೆ ಮಾಡದೆ ವರದಿಗೆ ಸಹಿ ಹಾಕರು ಎಂದು ನರ್ಸ್‌ಗಳೇ ಇಟ್ಟ ಹೆಸರದು.

ಅಪ್ಪ ನಿವೃತ್ತ ಬಸ್ ಡ್ರೈವರ್. ಹೃದಯ ಸೋತು ಕಾಲು ಊದಿದ್ದಕ್ಕೆ ತಿಂಗಳಿಂದ ಮಾತ್ರೆ ನುಂಗುತ್ತಿದ್ದರು. ಊತ ಇಳಿದಿತ್ತು, ಆದರೆ ಈಗ ಎದ್ದು ನಿಲ್ಲಲೂ ತ್ರಾಣವಿರಲಿಲ್ಲ.

ಅರ್ಧ ಗಂಟೆಯಲ್ಲಿ ಲ್ಯಾಬಿನಿಂದ ವಾರ್ಡಿಗೆ ಫೋನು ಬಂತು. ಐದರೊಳಗಿರಬೇಕಾದ ಪೊಟ್ಯಾಸಿಯಂ ಏಳು ದಾಟಿತ್ತು.

"ಸ್ಯಾಂಪಲ್ ಕೆಟ್ಟಿರತ್ತೆ," ಎಂದರು ಡಾಕ್ಟರ್. "ರಕ್ತಕಣ ಒಡೆದ್ರೆ ಹೀಗೇ ಏರತ್ತೆ. ಸಂಜೆ ಮತ್ತೆ ತೆಗೀಲಿ."

ಅನುಮಾನದಕ್ಕ ಟ್ಯೂಬು ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ನೋಡಿ ಡಾಕ್ಟ್ರೇ, ಮೇಲಿನ ನೀರು ತಿಳಿಯಾಗಿದೆ. ಕಣ ಒಡೆದಿದ್ರೆ ಕೆಂಪಗಿರ್ತಿತ್ತು. ಎರಡು ಸಲ ಮಾಡಿದೀನಿ."

"ನಿಮಗೆ ಎಲ್ಲದ್ರಲ್ಲೂ ಅನುಮಾನ."

"ಇದ್ರಲ್ಲಿಲ್ಲ. ಇಸಿಜಿ ಮಾಡ್ಸಿ. ಅಲ್ಲೀವರೆಗೂ ನಾನು ಕದಲಲ್ಲ."

ಇಸಿಜಿ ಕಾಗದದ ಮೇಲೆ ಅಲೆಗಳು ಗುಡಾರದ ತುದಿಯಂತೆ ಚೂಪಾಗಿದ್ದವು. ಡಾಕ್ಟರರ ಮುಖ ಬಿಳುಚಿತು. ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದಿತ್ತು. ನರ್ಸ್ ಹೃದಯ ಕಾಯುವ ಕ್ಯಾಲ್ಸಿಯಂ ಇಂಜೆಕ್ಷನ್ನನ್ನು ನಿಧಾನವಾಗಿ ನರಕ್ಕೆ ಕೊಡತೊಡಗಿದರು.

"ಮನೇಲಿ ಏನಾದ್ರೂ ಹೊಸದು ಶುರು ಮಾಡಿದ್ರಾ ತಾಯಿ?" ಅನುಮಾನದಕ್ಕ ಕೇಳಿದರು.

"ಏನಿಲ್ಲಕ್ಕ. ಉಪ್ಪು ಕಡಿಮೆ ಮಾಡಿ ಅಂದಿದ್ರಲ್ಲ, ಸೋಡಿಯಂ ಕಡಿಮೆ ಇರೋ ಉಪ್ಪು ತಂದೆ. ಸಪ್ಪೆ ಅಂತ ಅಪ್ಪ ಊಟ ಬಿಡ್ತಿದ್ರು, ಒಂದು ಚಿಟಿಕೆ ಜಾಸ್ತೀನೇ ಹಾಕ್ತಿದ್ದೆ."

ಡಾಕ್ಟರ್ ಹಣೆ ಒತ್ತಿಕೊಂಡರು. "ಅದ್ರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರತ್ತಮ್ಮ. ದೇಹದಲ್ಲೊಂದು ಹಾರ್ಮೋನು ಸೋಡಿಯಂ ಉಳಿಸ್ಕೊಂಡು ಪೊಟ್ಯಾಸಿಯಂನ ಮೂತ್ರಕ್ಕೆ ತಳ್ಳತ್ತೆ. ನಮ್ಮ ಮಾತ್ರೆ ಅದರ ಕೈ ಕಟ್ಟಿಹಾಕತ್ತೆ. ಊತ ಇಳಿಯತ್ತೆ, ಪೊಟ್ಯಾಸಿಯಂ ಒಳಗೇ ಕೂತ್ಕೊಳತ್ತೆ. ನಾನು ಮೊದಲೇ ಹೇಳಬೇಕಿತ್ತು."

"ನನ್ನ ಕೈಯಾರೆ ಉಣಿಸಿದ್ನಲ್ಲ!"

"ಅಳೋಕೆ ಆಮೇಲೆ ಟೈಮಿದೆ," ಎಂದರು ಅನುಮಾನದಕ್ಕ. "ಈಗ ಅಪ್ಪನ ಕೈ ಹಿಡ್ಕೊ."

ಎರಡನೇ ಇಸಿಜಿಯಲ್ಲಿ ಚೂಪು ತಗ್ಗಿತ್ತು. ಆ ಉಪ್ಪು ನಿಲ್ಲಿಸಿ, ಪೊಟ್ಯಾಸಿಯಂ ಇಳಿಸುವ ಔಷಧಿ ಕೊಟ್ಟ ಮೇಲೆ ಮೂರನೇ ದಿನ ಅಪ್ಪ ಗೋಡೆ ಹಿಡಿದು ನಡೆದರು.

ಅನುಮಾನದಕ್ಕ ಈಗಲೂ ಅದೇ ಲ್ಯಾಬಿನಲ್ಲಿ ಬೆಳಗಿನ ಪಾಳಿ ಮಾಡುತ್ತಾರೆ. ಹೃದಯದ ಮಾತ್ರೆ ನುಂಗುವವರು ಬಂದರೆ, ರಕ್ತ ತೆಗೆಯುವ ಮುನ್ನ ಮನೆಯಲ್ಲಿ ಯಾವ ಉಪ್ಪು ಎಂದು ಕೇಳಿ ಚೀಟಿಯಲ್ಲಿ ಬರೆಯುತ್ತಾರೆ.