ಕ್ರಯಪತ್ರದಲ್ಲಿ ಚಿಕ್ಕಮ್ಮನ ಸಾಲು

ಅಪ್ಪನ ಹೊಲ ಅಣ್ಣನಿಗೆ, ಮುಳಬಾಗಿಲಿನಲ್ಲಿ ಅಮ್ಮನ ಹೆಸರಿನಲ್ಲಿದ್ದ ಮನೆ ನನಗೆ ಎಂದು ಆಗಿತ್ತು. ನಾನು ಮಾಲೂರಿಗೆ ಮದುವೆಯಾಗಿ ಹೋದವಳು. ಹೆಂಚು ಜಾರಿದರೂ ಗೋಡೆ ಬಿರಿದರೂ ಅಲ್ಲಿಂದ ಓಡಿ ಬರಬೇಕು. ಸಾಕಾಗಿ, ಮೂವತ್ತರ ದಶಕದ ಕೊನೆಯಲ್ಲಿ ಮಾರಿಬಿಡೋಣ ಎಂದು ಹೊರಟೆ. ಆದರೆ ಹಿಂದಿನ ಕೋಣೆಯಲ್ಲಿ ಅಮ್ಮನ ತಂಗಿ, ನನ್ನ ಚಿಕ್ಕಮ್ಮ ಇದ್ದಳು. ಹನ್ನೆರಡನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಬಂದು ಅಲ್ಲೇ ಮುದುಕಿಯಾದವಳು. ನನ್ನ ಜೊತೆ ಬಾ ಎಂದರೆ ಒಲ್ಲೆ ಎಂದಳು. ಅವಳಿರುವಷ್ಟು ದಿನ ಆ ಕೋಣೆ ಅವಳದೇ ಎಂದು ಪತ್ರದಲ್ಲಿ ಬರೆಸುತ್ತೇನೆ ಎಂದು ಅವಳ ಕೈ ಹಿಡಿದು ಮಾತು ಕೊಟ್ಟಿದ್ದೆ.

ದಲ್ಲಾಳಿಯನ್ನು ಹೊಸ್ತಿಲು ಹತ್ತಿಸಬಾರದು ಎಂಬುದು ನನ್ನ ಹಟ. ಎರಡೂ ಕಡೆ ಉಣ್ಣುವವನು ಯಾರ ಕಡೆಯವನೂ ಅಲ್ಲ. ಹಾಗಾಗಿ ನಾನೂ ಅಣ್ಣನೂ ಸೇರಿ ನಾವೇ ಮನೆ ತೋರಿಸಿದೆವು. ಬಂದವರು ಗೋಡೆ ತಟ್ಟಿದರು, ಬಾವಿ ಇಣುಕಿದರು, ದಲ್ಲಾಳಿ ಯಾರು ಎಂದು ಕೇಳಿದರು. ಯಾರೂ ಇಲ್ಲ ಎಂದ ಕೂಡಲೇ ಅವರ ಮುಖ ಬೇರೆಯಾಗುತ್ತಿತ್ತು. ದಲ್ಲಾಳಿಯೂ ಮುಟ್ಟದ ಮನೆಯಲ್ಲಿ ಏನೋ ಐಬು ಇರಬೇಕು ಎಂದು ಅವರ ಲೆಕ್ಕ. ಒಬ್ಬನಂತೂ ಇಲ್ಲಿ ಯಾರಾದರೂ ನೇಣು ಹಾಕಿಕೊಂಡಿದ್ದಾರಾ ಎಂದೇ ಕೇಳಿದ. ಮುದುಕಿ ಸಮೇತ ಮನೆ ಯಾರು ತಗೋತಾರೆ ಎಂದು ಅಣ್ಣ ಗೊಣಗುತ್ತಿದ್ದ. ಅವನ ಮಾತು ಕೇಳಿ, ಜನ ನೋಡಲು ಬರುವ ದಿನ ಚಿಕ್ಕಮ್ಮನನ್ನು ಗಾಡಿ ಹತ್ತಿಸಿ ಕುರುಡುಮಲೆಯ ಗಣೇಶನ ದರ್ಶನಕ್ಕೆ ಕಳಿಸುತ್ತಿದ್ದೆವು. ಅವಳ ಬುತ್ತಿ ಕಟ್ಟಿಕೊಡುತ್ತಿದ್ದವಳು ನಾನೇ. ಮೂರನೇ ಸಲಕ್ಕೆ ಅವಳು ಯಾಕೆ ಎಂದು ಕೇಳುವುದನ್ನೂ ಬಿಟ್ಟಳು.

ಕೊನೆಗೆ ಬೇರೆ ದಾರಿ ಕಾಣದೆ ಊರಿನ ಸಾಬರೊಬ್ಬರಿಗೆ ಹೇಳಿಕಳಿಸಿದೆ. ಎಮ್ಮೆಯಿಂದ ಮನೆಯವರೆಗೆ ಎಲ್ಲಕ್ಕೂ ದಲ್ಲಾಳಿ ಆತನೇ. ಬೀದಿಯಲ್ಲೇ ಚಪ್ಪಲಿ ಬಿಟ್ಟು ಬಂದ, ಕೊಟ್ಟ ಕಾಫಿ ಮುಟ್ಟಲಿಲ್ಲ, ಪ್ರತಿ ಮಾತಿಗೂ ‘ಅಮ್ಮಾ’ ಎಂದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದುಕೊಂಡೆ. ಕೊಳ್ಳುವವರ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಜಟಕಾದವನ ಜೊತೆ ತನ್ನ ಮನೆಮಾತು. ಈ ಮೂರರಲ್ಲಿ ನಿಜ ಹೇಳುವುದು ಯಾವುದರಲ್ಲೋ! ಒಂದು ದಿನ ಚಿಕ್ಕಮ್ಮನ ಬಾಗಿಲಲ್ಲಿ ಕೂತು ಅವಳ ಜೊತೆ ಬಹಳ ಹೊತ್ತು ಮಾತಾಡಿದ. ಅವಳನ್ನು ಮನೆಯಿಂದ ಎಬ್ಬಿಸುವ ಉಪಾಯ ಹೂಡುತ್ತಿದ್ದಾನೆ ಎಂದು ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ತಿಂಗಳೊಳಗೆ ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಒಪ್ಪಿದರು. ಪತ್ರದ ದಿನ ಅಣ್ಣನೂ ಜೊತೆಗೆ ಬಂದ. ರಿಜಿಸ್ಟ್ರಿ ಕಚೇರಿಯ ಜಗಲಿಯಲ್ಲಿ ಪತ್ರ ಬರೆಯುವ ಗುಮಾಸ್ತೆ, ಹೆಂಗಸಲ್ಲವೇ ಎಂದು, ಹೆಬ್ಬೆಟ್ಟಿಗೆ ಮಸಿ ಸಿದ್ಧಮಾಡಿ ಇಟ್ಟಿದ್ದ. ನಾನು ಕಾಗದ ಕೊಡಿ ಎಂದೆ. ಗಡಿಯಾಚೆಯ ಅಜ್ಜಿಯ ಊರಿನಲ್ಲಿ ತೆಲುಗು ಓದುಬರಹ ಕಲಿತಿದ್ದೆ. ಕನ್ನಡದ ಅಕ್ಷರಕ್ಕೆ ತಲೆಕಟ್ಟು ಬೇರೆ, ಮೈ ಹೆಚ್ಚುಕಡಿಮೆ ಒಂದೇ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬಾವಿ ಇತ್ತು, ಹಿತ್ತಲಿತ್ತು, ನುಗ್ಗೆಮರ ಕೂಡ ಇತ್ತು. ಚಿಕ್ಕಮ್ಮ ಮಾತ್ರ ಇರಲಿಲ್ಲ.

ನೇರ ದಲ್ಲಾಳಿಯ ಮೇಲೆ ಹರಿಹಾಯ್ದೆ. ಮುದುಕಿಯ ಸಾಲು ನುಂಗಿದೆಯಲ್ಲ, ಅನ್ನ ತಿನ್ನುತ್ತೀಯಾ ಏನು ತಿನ್ನುತ್ತೀಯಾ ಎಂದೆ. ನೆರೆದವರೆಲ್ಲ ತಿರುಗಿ ನೋಡಿದರು. ಆತ ದನಿ ಏರಿಸಲಿಲ್ಲ.

“ಅಮ್ಮಾ, ಆ ತಾಯಿ ಇರೋದನ್ನ ಕೊಳ್ಳೋರಿಗೆ ಮೊದಲ್ನೇ ದಿನಾನೇ ಹೇಳಿದೀನಿ. ಅವ್ರು ಒಪ್ಕೊಂಡಿದಾರೆ. ಕೇಳಿ ನೋಡಿ.”

ರೈತರು ಹೌದೆಂದು ತಲೆಯಾಡಿಸಿದರು. ಆಗ ಗುಮಾಸ್ತೆ, ಆ ಸಾಲು ಬೇಡವೆಂದು ನೀವೇ ಹೇಳಿಕಳಿಸಿದ್ದಿರಲ್ಲ ಎಂದು ನನ್ನನ್ನೇ ಕೇಳಿದ. ಯಾರ ಕೈಲಿ ಎಂದು ನಾನು ಕೇಳುವ ಮೊದಲೇ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ.

“ಅದನ್ನ ನೋಡಿದ್ರೆ ಅವ್ರು ಎದ್ದು ಹೋಗ್ತಾರೆ ಅಂತ ತೆಗೆಸ್ದೆ ಕಣೇ,” ಎಂದ ಅಣ್ಣ. “ಅವಳು ಇನ್ನೆಷ್ಟು ದಿನ ಇರ್ತಾಳೆ?”

ಪತ್ರ ಮತ್ತೆ ಬರೆಸಿ, ತೆಲುಗಿನಲ್ಲಿ ರುಜು ಹಾಕಿದೆ. ದಲ್ಲಾಳಿಗೆ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ನಕಲು ತೆಗೆದುಕೊಂಡು ಮನೆಗೆ ಹೋದರೆ, ನನಗಿಂತ ಮುಂಚೆ ಅಣ್ಣ ಬಂದು ಹೋಗಿದ್ದ. ಏನು ಹೇಳಿದ್ದನೋ. ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ. ಎದುರಿಗೆ ಕೂತು ಅವಳ ಸಾಲನ್ನು ಗಟ್ಟಿಯಾಗಿ ಓದಿದೆ. ಇನ್ನೊಂದು ಸಲ ಓದು ಎಂದಳು, ಓದಿದೆ. ಓದುವಾಗ ನನ್ನ ಬಾಯನ್ನೇ ನೋಡುತ್ತಿದ್ದಳು.

ಆಮೇಲೆ ಮೊರ ಪಕ್ಕಕ್ಕೆ ಸರಿಸಿ, “ಆ ಸಾಬರನ್ನ ಕರಿ,” ಎಂದಳು. “ಅವ್ರು ಓದ್ಲಿ.”